ನಾಯಿಮರಿಯ ಉಚ್ಚೆ: ಅಭ್ಯಾಸವೆಷ್ಟು, ಕಾಯಿಲೆಯೆಷ್ಟು

ಮನೆಗೆ ಹೊಸದಾಗಿ ಬಂದ ನಾಯಿಮರಿಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಉಚ್ಚೆಯದೇ ದೊಡ್ಡ ಪಾಲು. ಎಲ್ಲೆಂದರಲ್ಲಿ ಮಾಡುತ್ತದೆ, ಮತ್ತೆ ಮತ್ತೆ ಮಾಡುತ್ತದೆ, ಹೊರಗೆ ಸುತ್ತಾಡಿಸಿ ತಂದ ಐದೇ ನಿಮಿಷಕ್ಕೆ ಹಾಲ್‌ನಲ್ಲಿ ಮಾಡುತ್ತದೆ, ಮಲಗಿದಲ್ಲೇ ಒದ್ದೆ ಮಾಡಿಕೊಳ್ಳುತ್ತದೆ ಎಂಬ ಈ ದೂರುಗಳೆಲ್ಲ ಸಾಕಿದವರ ಮಾತಿನಲ್ಲಿ ಒಂದೇ ಬಗೆಯವಾಗಿ ಕೇಳಿಸಿದರೂ ಅವುಗಳ ಹಿಂದಿನ ಕಾರಣಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಒಂದು ಮರಿಗೆ ಇನ್ನೂ ಅಭ್ಯಾಸವಾಗಿರುವುದಿಲ್ಲ. ಇನ್ನೊಂದಕ್ಕೆ ಮೂತ್ರಕೋಶದಲ್ಲಿ ಸೋಂಕು ತಗಲಿರುತ್ತದೆ. ಮತ್ತೊಂದರ ಮೂತ್ರನಾಳ ಹುಟ್ಟಿನಿಂದಲೇ ತಪ್ಪು ಜಾಗಕ್ಕೆ ಜೋಡಣೆಯಾಗಿರುತ್ತದೆ. ಮೊದಲನೆಯದಕ್ಕೆ ಮಾತ್ರೆ ನುಂಗಿಸುವುದು ಎಷ್ಟು ವ್ಯರ್ಥವೋ ಮೂರನೆಯದಕ್ಕೆ ಗದರಿ ಬುದ್ಧಿ ಕಲಿಸಲು ಹೋಗುವುದು ಅಷ್ಟೇ ಅನ್ಯಾಯ. ಈ ಮೂರನ್ನು ಬೇರ್ಪಡಿಸುವ ಕೆಲಸ ಪ್ರಯೋಗಾಲಯದಲ್ಲಿ ಅಲ್ಲ, ಮನೆಯಲ್ಲಿಯೇ ಆರಂಭವಾಗುತ್ತದೆ. ಮರಿ ಯಾವಾಗ, ಯಾವ ಭಂಗಿಯಲ್ಲಿ, ಎಷ್ಟು ಪ್ರಮಾಣದಲ್ಲಿ ಉಚ್ಚೆ ಮಾಡಿತು, ಎಲ್ಲಕ್ಕಿಂತ ಮುಖ್ಯವಾಗಿ ತಾನು ಉಚ್ಚೆ ಮಾಡುತ್ತಿರುವುದು ಅದಕ್ಕೆ ತಿಳಿದಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಅದನ್ನು ಸಾಕಿದವರು ಮಾತ್ರ.

ಹುಟ್ಟಿದ ಮರಿಗೆ ತಾನಾಗಿಯೇ ಮೂತ್ರ ವಿಸರ್ಜಿಸುವ ಶಕ್ತಿ ಇರುವುದಿಲ್ಲ ಎಂಬುದು ಹಲವರಿಗೆ ಗೊತ್ತಿರದ ಸಂಗತಿ. ತಾಯಿನಾಯಿ ಮರಿಯ ಹೊಟ್ಟೆಯ ಕೆಳಭಾಗವನ್ನೂ ಹಿಂಭಾಗವನ್ನೂ ನೆಕ್ಕಿದಾಗ ಮಾತ್ರ ಪ್ರತಿವರ್ತನೆಯಿಂದ ಮೂತ್ರಕೋಶ ಸಂಕುಚಿಸಿ ಖಾಲಿಯಾಗುತ್ತದೆ. ಸುಮಾರು 3 ವಾರ ತುಂಬುವವರೆಗೂ ಹೀಗೆಯೇ ನಡೆಯುತ್ತದೆ. ಬೀದಿಯಲ್ಲಿ ತಾಯಿ ಸತ್ತು ಅನಾಥವಾದ ಎಳೆಯ ಮರಿಗಳನ್ನು ಮನೆಗೆ ತಂದು ಪ್ರೀತಿಯಿಂದ ಹಾಲು ಕುಡಿಸುವವರು ಈ ಒಂದು ಕೆಲಸವನ್ನು ಮರೆತರೆ ಮರಿಯ ಹೊಟ್ಟೆ ಬಿಗಿದು, ಕೆಲವೊಮ್ಮೆ ಜೀವಕ್ಕೇ ಅಪಾಯವಾಗುತ್ತದೆ. ಪ್ರತಿ ಸಲ ಹಾಲು ಕುಡಿಸಿದ ನಂತರ, ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಆ ಭಾಗವನ್ನು ತಾಯಿಯ ನಾಲಿಗೆಯಷ್ಟೇ ಹಗುರವಾಗಿ ಒರೆಸುತ್ತಿದ್ದರೆ ಕೆಲವೇ ಕ್ಷಣಗಳಲ್ಲಿ ಉಚ್ಚೆ ಹೊರಬರುತ್ತದೆ. ಅದು ಹೆಚ್ಚುಕಡಿಮೆ ನೀರಿನಂತೆ ತಿಳಿಯಾಗಿರಬೇಕು. ಎಳೆಯ ಮರಿಯ ಮೂತ್ರಪಿಂಡಗಳಿಗೆ ಮೂತ್ರವನ್ನು ಗಟ್ಟಿಗೊಳಿಸುವ, ಅಂದರೆ ದೇಹಕ್ಕೆ ಬೇಕಾದ ನೀರನ್ನು ಹಿಂದಕ್ಕೆ ಹೀರಿಕೊಳ್ಳುವ ಸಾಮರ್ಥ್ಯ ಇನ್ನೂ ಬಂದಿರುವುದಿಲ್ಲವಾದ್ದರಿಂದ, ಈ ವಯಸ್ಸಿನಲ್ಲಿ ಉಚ್ಚೆ ಗಾಢ ಹಳದಿಯಾಗಿದ್ದರೆ ಮರಿಗೆ ಹಾಲು ಸಾಲುತ್ತಿಲ್ಲ, ದೇಹ ಒಣಗುತ್ತಿದೆ ಎಂದೇ ತಿಳಿಯಬೇಕು. ಇದೇ ಎಳವೆಯಲ್ಲಿ ಅಪರೂಪಕ್ಕೆ ಹೊಕ್ಕುಳಿನ ಬಳಿ ಸದಾ ಒದ್ದೆಯಾಗಿರುವುದು ಕಾಣುತ್ತದೆ. ಗರ್ಭದಲ್ಲಿರುವಾಗ ಮೂತ್ರಕೋಶವನ್ನು ಹೊಕ್ಕುಳಬಳ್ಳಿಗೆ ಜೋಡಿಸಿದ್ದ ಕೊಳವೆ ಹುಟ್ಟಿದ ಮೇಲೂ ಮುಚ್ಚಿಕೊಳ್ಳದೆ ಉಳಿದಾಗ ಹೀಗಾಗುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ.

ಮೂತ್ರವನ್ನು ಗಟ್ಟಿಗೊಳಿಸುವ ಸಾಮರ್ಥ್ಯ ಮರಿಗೆ ಎರಡು ಮೂರು ತಿಂಗಳು ತುಂಬುವ ಹೊತ್ತಿಗೆ ಕ್ರಮೇಣ ಬರುತ್ತದೆ. ಮೂತ್ರಕೋಶದ ಬಾಯಿಯನ್ನು ಬಿಗಿಹಿಡಿಯುವ ಸ್ನಾಯುವಿನ ಮೇಲೆ ಮರಿಗೆ ಹತೋಟಿ ಸಿಗುವುದು ಇನ್ನೂ ತಡವಾಗಿ, ನಾಲ್ಕರಿಂದ ಆರು ತಿಂಗಳ ನಡುವೆ. ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳ ಕಾಲ ಅದು ತಡೆದುಕೊಳ್ಳಬಲ್ಲದು ಎಂಬ ಲೆಕ್ಕವೊಂದು ಪಶುವೈದ್ಯರಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ ಎರಡು ತಿಂಗಳ ಮರಿಗೆ ಮೂರು ಗಂಟೆ. ಇದು ಸುಮ್ಮನಿರುವ, ನಿದ್ದೆಯಲ್ಲಿರುವ ಮರಿಯ ಗರಿಷ್ಠ ಮಿತಿಯೇ ಹೊರತು ಆಟವಾಡುತ್ತಿರುವ ಮರಿಯ ಲೆಕ್ಕವಲ್ಲ. ಎಚ್ಚರಗೊಂಡ ಕೂಡಲೇ, ಉಂಡ ಹತ್ತಿಪ್ಪತ್ತು ನಿಮಿಷಗಳಲ್ಲಿ, ಜೋರಾಗಿ ಆಡಿದ ಮೇಲೆ ಮರಿ ಉಚ್ಚೆ ಮಾಡಿಯೇ ಮಾಡುತ್ತದೆ. ಎರಡು ತಿಂಗಳ ಮರಿ ಹಗಲಿನಲ್ಲಿ ಹತ್ತು ಹನ್ನೆರಡು ಸಲ ಉಚ್ಚೆ ಮಾಡಿದರೆ ಅದನ್ನು ಕಾಯಿಲೆ ಎನ್ನಲಾಗದು.

ಅಭ್ಯಾಸ ಮಾಡಿಸುವ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದುಬಂದಿರುವ ಒಂದು ಪದ್ಧತಿಯೆಂದರೆ ಮರಿಯ ಮೂತಿಯನ್ನು ಹಿಡಿದು ಉಚ್ಚೆಗೆ ಉಜ್ಜುವುದು. ಮಾಡಿ ಮುಗಿಸಿದ ಕೆಲಸಕ್ಕೂ ಆಮೇಲೆ ಬಿದ್ದ ಶಿಕ್ಷೆಗೂ ಸಂಬಂಧ ಕಲ್ಪಿಸಿಕೊಳ್ಳುವುದು ಮರಿಗೆ ಸಾಧ್ಯವಿಲ್ಲ. ಅದು ಕಲಿಯುವುದು ಇಷ್ಟೇ: ಮನುಷ್ಯರ ಎದುರಿಗೆ ಉಚ್ಚೆ ಮಾಡಬಾರದು, ಸೋಫಾದ ಹಿಂದೆ ಹೋಗಿ ಮಾಡಬೇಕು. ಹೊರಗೆ ಕರೆದೊಯ್ದಾಗಲೂ ಹಗ್ಗ ಹಿಡಿದವರ ಎದುರು ಮಾಡಲು ಅಂಜಿ, ಒಳಗೆ ಬಂದು ಮರೆಯಲ್ಲಿ ಮುಗಿಸುವ ಮರಿಗಳಲ್ಲಿ ಅನೇಕವು ಈ ಶಿಕ್ಷೆಯ ಫಲ. ನೆಲವನ್ನು ಫಿನಾಯಿಲ್ ಹಾಕಿ ಒರೆಸಿದರೆ ಮನುಷ್ಯರ ಮೂಗಿಗೆ ಉಚ್ಚೆಯ ವಾಸನೆ ಹೋಗಿರಬಹುದು, ಆದರೆ ನಾಯಿಯ ಮೂಗಿಗೆ ಆ ಜಾಗ ಉಚ್ಚೆಯ ಜಾಗವಾಗಿಯೇ ಉಳಿದಿರುತ್ತದೆ. ಮೂತ್ರದ ಅಂಶಗಳನ್ನು ಒಡೆಯುವ ಕಿಣ್ವ, ಅಂದರೆ ಎನ್‌ಜೈಮ್ ಇರುವ ಸ್ವಚ್ಛಕಗಳು ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತವೆ. ಅಮೋನಿಯಾ ಇರುವ ದ್ರಾವಣಗಳಿಗೆ ಉಚ್ಚೆಯನ್ನು ಹೋಲುವ ಘಾಟಿರುವುದರಿಂದ ಅವು ಮರಿಯನ್ನು ಅದೇ ಜಾಗಕ್ಕೆ ಮತ್ತೆ ಕರೆಯುತ್ತವೆ. ಹೊರಗೆ ಮಾಡಿದ ಆ ಕ್ಷಣದಲ್ಲೇ, ಮನೆಗೆ ಬಂದ ಮೇಲಲ್ಲ, ಒಂದು ಚೂರು ತಿಂಡಿ ಕೊಟ್ಟು ಮುದ್ದು ಮಾಡುವುದಕ್ಕಿಂತ ಹೆಚ್ಚಿನ ತರಬೇತಿ ಸಾಮಾನ್ಯವಾಗಿ ಬೇಕಾಗದು. ಲಸಿಕೆಯ ಸರಣಿ ಮುಗಿಯದ ಮರಿಯನ್ನು ಬೀದಿನಾಯಿಗಳು ಓಡಾಡುವ ಜಾಗಕ್ಕೆ ಇಳಿಸಬಾರದೆಂಬ ಕಾರಣಕ್ಕೆ ಬೆಂಗಳೂರಿನಂಥ ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಹಾಳೆ ಅಥವಾ ಪ್ಯಾಡಿನ ಮೇಲೆ ಅಭ್ಯಾಸ ಮಾಡಿಸುವುದು ಅನಿವಾರ್ಯವಾಗಿದೆ. ಆದರೆ ಬಾಲ್ಕನಿಯ ಪ್ಯಾಡಿಗೆ ಹೊಂದಿಕೊಂಡ ಮರಿಗೆ ಮುಂದೆ ಮಣ್ಣು, ಹುಲ್ಲುಗಳ ಪರಿಚಯವನ್ನು ಮೊದಲಿನಿಂದ ಮಾಡಿಸಬೇಕಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಬಗೆಯ ಮರಿಗಳಿವೆ. ಮನೆಯ ಯಜಮಾನರು ಸಂಜೆ ಬಾಗಿಲು ತೆರೆದೊಡನೆ ಕುಣಿಯುತ್ತಲೇ ಹನಿಹನಿಯಾಗಿ ಉಚ್ಚೆ ಬಿಡುವುದು ಒಂದು ರೀತಿ; ಯಾರಾದರೂ ಎತ್ತರದಿಂದ ಬಾಗಿ ತಲೆ ಸವರಲು ಬಂದಾಗ ಕಿವಿ ಹಿಂದಕ್ಕೆ ಮಡಿಸಿ, ಬಾಲ ಒಳಗೆಳೆದುಕೊಂಡು, ಅಂಗಾತ ಹೊರಳಿ ಉಚ್ಚೆ ಮಾಡುವುದು ಇನ್ನೊಂದು ರೀತಿ. ಮೊದಲನೆಯದು ಉತ್ಸಾಹದ ಮೂತ್ರ, ಎರಡನೆಯದು ಶರಣಾಗತಿಯ ಮೂತ್ರ. ಎರಡನೆಯದು ನಾಯಿಗಳ ಭಾಷೆಯಲ್ಲಿ, ನಾನು ಚಿಕ್ಕವನು, ನನಗೆ ಏನೂ ಮಾಡಬೇಡ ಎಂದು ಹೇಳುವ ವಿನಯ. ಅದಕ್ಕೆ ಗದರಿದರೆ ಇನ್ನಷ್ಟು ವಿನಯ ತೋರಿಸಲು ಇನ್ನಷ್ಟು ಉಚ್ಚೆ ಮಾಡುವುದಲ್ಲದೆ ಮರಿಗೆ ಬೇರೆ ದಾರಿ ಇರುವುದಿಲ್ಲ. ಬಂದವರು ಮರಿಯನ್ನು ಒಂದೆರಡು ನಿಮಿಷ ಗಮನಿಸದೆ ಬಿಟ್ಟು, ಆಮೇಲೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗದ್ದದ ಕೆಳಗೆ ಸವರಿದರೆ ಸಾಕು. ಹೆಚ್ಚಿನ ಮರಿಗಳು ವರ್ಷ ತುಂಬುವುದರೊಳಗೆ ಇದನ್ನು ಬಿಡುತ್ತವೆ.

ಇಷ್ಟರವರೆಗೆ ಹೇಳಿದ ಎಲ್ಲ ಮರಿಗಳೂ ಆರೋಗ್ಯವಂತ ಮರಿಗಳೇ. ಕಾಯಿಲೆಯ ಅನುಮಾನ ಬರಬೇಕಾದದ್ದು ಮರಿಗೆ ತಿಳಿಯದೆಯೇ ಮೂತ್ರ ಸೋರುತ್ತಿರುವಾಗ. ಉಚ್ಚೆ ಮಾಡಲು ಹೊರಟ ಮರಿ ನೆಲ ಮೂಸುತ್ತದೆ, ಸುತ್ತು ಹಾಕುತ್ತದೆ, ಕುಕ್ಕರಿಸುತ್ತದೆ. ಸೋರುವ ಮರಿ ಇದೊಂದನ್ನೂ ಮಾಡದೆ, ನಡೆಯುತ್ತಿರುವಾಗ ಹನಿ ಬಿಡುತ್ತದೆ, ಮಲಗಿ ಎದ್ದ ಜಾಗದಲ್ಲಿ ಅಂಗೈಯಗಲದ ಒದ್ದೆಯನ್ನು ಬಿಟ್ಟು ಏಳುತ್ತದೆ, ತನ್ನ ಒದ್ದೆಯನ್ನು ತಾನೇ ಆಶ್ಚರ್ಯದಿಂದ ಮೂಸಿ ನೋಡುತ್ತದೆ. ಹಾಸಿಗೆಯ ಮೇಲೆ ಒಣಗಿದ ಬಿಳಿ ಬಟ್ಟೆಯೊಂದನ್ನು ಹಾಸಿ, ಮರಿ ನಿದ್ದೆಯಿಂದೆದ್ದ ಕೂಡಲೇ ಪರಿಶೀಲಿಸಿದರೆ ಇದು ಖಚಿತವಾಗುತ್ತದೆ. ಹಿಂಗಾಲುಗಳ ಒಳಬದಿಯ ಕೂದಲು ಸದಾ ಒದ್ದೆಯಾಗಿ ಹಳದಿ ತಿರುಗಿ, ಅದರಡಿಯ ಚರ್ಮ ಉಚ್ಚೆಯಿಂದ ಬೆಂದು ಕೆಂಪಾಗಿದ್ದರಂತೂ ಸಂದೇಹವೇ ಉಳಿಯದು.

ಎಳೆಯ ಹೆಣ್ಣುಮರಿಗಳಲ್ಲಿ ಇಂಥ ನಿರಂತರ ಸೋರಿಕೆಗೆ ಪ್ರಮುಖ ಕಾರಣ ಮೂತ್ರನಾಳದ ಸ್ಥಾನಪಲ್ಲಟ. ಎರಡು ಮೂತ್ರಪಿಂಡಗಳಿಂದ ಹೊರಡುವ ಎರಡು ಮೂತ್ರನಾಳಗಳು ಸಹಜವಾಗಿ ಮೂತ್ರಕೋಶದ ಕುತ್ತಿಗೆಗಿಂತ ಸ್ವಲ್ಪ ಮೇಲೆ, ಅಂದರೆ ಬಿಗಿಹಿಡಿಯುವ ಸ್ನಾಯುವಿನ ಒಳಬದಿಯಲ್ಲಿ ತೆರೆದುಕೊಳ್ಳಬೇಕು. ಭ್ರೂಣ ಬೆಳೆಯುವಾಗ ಆಗುವ ದೋಷದಿಂದ ಒಂದು ಅಥವಾ ಎರಡೂ ನಾಳಗಳು ಮೂತ್ರಕೋಶದ ಗೋಡೆಯೊಳಗೇ ನುಸುಳಿ ಮುಂದೆ ಸಾಗಿ, ಸ್ನಾಯುವನ್ನು ದಾಟಿ ಹೊರನಾಳದಲ್ಲಿ ತೆರೆದುಕೊಂಡರೆ ಮೂತ್ರಪಿಂಡದಲ್ಲಿ ತಯಾರಾದ ಮೂತ್ರ ಕೋಶದಲ್ಲಿ ತಂಗದೆ ನೇರವಾಗಿ ಹೊರಗೆ ತೊಟ್ಟಿಕ್ಕುತ್ತದೆ. ಒಂದು ನಾಳ ಸರಿಯಾಗಿದ್ದಾಗ, ಅಥವಾ ಸೋರಿದ ಮೂತ್ರದ ಒಂದಂಶ ಹಿಮ್ಮುಖವಾಗಿ ಕೋಶಕ್ಕೆ ಹರಿದಾಗ, ಮೂತ್ರಕೋಶವೂ ತುಂಬಿ ಮರಿ ಕ್ರಮವಾಗಿ ಕುಕ್ಕರಿಸಿ ಉಚ್ಚೆಯನ್ನೂ ಮಾಡುತ್ತದೆ. ಹೊರಗೆ ಚೆನ್ನಾಗಿಯೇ ಮಾಡುತ್ತದೆ, ಒಳಗೆ ಬಂದು ಹಟಕ್ಕೆ ಮಾಡುತ್ತದೆ ಎಂಬ ತಪ್ಪು ತೀರ್ಮಾನಕ್ಕೆ ಮನೆಯವರು ಬರುವುದು ಹೀಗೆ. ಗಂಡುಮರಿಗಳಲ್ಲಿ ಹೊರನಾಳ ಉದ್ದವಾಗಿದ್ದು ಬಿಗಿತವೂ ಹೆಚ್ಚಾಗಿರುವುದರಿಂದ ಇದೇ ದೋಷವಿದ್ದರೂ ಸೋರಿಕೆ ಕಾಣದಿರಬಹುದು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಸೈಬೀರಿಯನ್ ಹಸ್ಕಿ, ನ್ಯೂಫೌಂಡ್‌ಲ್ಯಾಂಡ್, ಪೂಡಲ್, ಇಂಗ್ಲಿಷ್ ಬುಲ್‌ಡಾಗ್ ತಳಿಗಳಲ್ಲಿ ಈ ದೋಷ ಹೆಚ್ಚಾಗಿ ದಾಖಲಾಗಿದೆ. ಇವುಗಳಲ್ಲಿ ಮೊದಲ ಮೂರು ಕರ್ನಾಟಕದ ನಗರಗಳ ಮನೆಗಳಲ್ಲಿ ಸಾಕಷ್ಟು ಕಾಣಸಿಗುವ ತಳಿಗಳು.

ಅಲ್ಟ್ರಾಸೌಂಡ್, ರಕ್ತನಾಳದ ಮೂಲಕ ಬಣ್ಣಕಾರಕ ದ್ರವವನ್ನು ಬಿಟ್ಟು ತೆಗೆಯುವ ಸಿ.ಟಿ. ಸ್ಕ್ಯಾನ್, ಅಥವಾ ತೆಳುವಾದ ದರ್ಶಕನಳಿಕೆಯನ್ನು ಹೊರನಾಳದ ಮೂಲಕ ಒಳಗೆ ತೂರಿಸಿ ನೋಡುವ ಸಿಸ್ಟೋಸ್ಕೋಪಿಯಿಂದ ಈ ದೋಷವನ್ನು ಪತ್ತೆಹಚ್ಚಲಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ನಾಳಕ್ಕೆ ಮೂತ್ರಕೋಶದೊಳಗೆ ಹೊಸ ಬಾಯಿಯನ್ನು ಮಾಡಿಕೊಡಲಾಗುತ್ತದೆ. ಸೌಲಭ್ಯವಿರುವ ಕಡೆ ಹೊಟ್ಟೆ ಕೊಯ್ಯದೆ ಲೇಸರ್ ಕಿರಣದಿಂದಲೇ ಈ ಕೆಲಸ ಮುಗಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುನಾಯಿಗಳಲ್ಲಿ ಅಷ್ಟಿಷ್ಟು ಸೋರಿಕೆ ಉಳಿಯುತ್ತದೆ, ಏಕೆಂದರೆ ನಾಳ ತಪ್ಪು ಜಾಗದಲ್ಲಿದ್ದ ಮರಿಗಳಲ್ಲಿ ಬಿಗಿಹಿಡಿಯುವ ಸ್ನಾಯುವೂ ಅನೇಕ ವೇಳೆ ದುರ್ಬಲವಾಗಿಯೇ ರೂಪುಗೊಂಡಿರುತ್ತದೆ. ಸ್ನಾಯುವನ್ನು ಬಿಗಿಗೊಳಿಸುವ ಔಷಧಗಳು ಅಂಥ ನಾಯಿಗಳಿಗೆ ನೆರವಾಗುತ್ತವೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಈ ಸಂಗತಿಯನ್ನು ವೈದ್ಯರಿಂದ ಬಿಡಿಸಿ ಕೇಳಿಕೊಂಡವರಿಗೆ ನಂತರದ ನಿರಾಶೆ ತಪ್ಪುತ್ತದೆ.

ಸೋರುವ ಎಲ್ಲ ಮರಿಗಳಲ್ಲೂ ನಾಳದ ದೋಷವೇ ಇರಬೇಕೆಂದಿಲ್ಲ. ವಾಹನ ತಗಲಿ ಬೆನ್ನುಮೂಳೆಗೋ ಬಾಲದ ಬುಡಕ್ಕೋ ಪೆಟ್ಟಾದ ಬೀದಿಮರಿಗಳಲ್ಲಿ ಮೂತ್ರಕೋಶದ ನರಗಳು ಸತ್ತು, ಕೋಶ ತುಂಬಿದ್ದು ಮರಿಗೆ ತಿಳಿಯದೆ ತುಳುಕಿ ಸೋರುತ್ತದೆ. ಇಂಥ ಮರಿಗಳನ್ನು ಸಾಕಲು ತಂದವರು ದಿನಕ್ಕೆ ಹಲವು ಸಲ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೂತ್ರಕೋಶವನ್ನು ಖಾಲಿ ಮಾಡುವ ಕ್ರಮವನ್ನು ವೈದ್ಯರಿಂದ ಕೈಯಾರೆ ಕಲಿತುಕೊಳ್ಳಬೇಕಾಗುತ್ತದೆ.

ಸೋಂಕಿನ ಲಕ್ಷಣಗಳು ಇದಕ್ಕೆ ತದ್ವಿರುದ್ಧ. ಇಲ್ಲಿ ಮರಿಗೆ ಉಚ್ಚೆಯ ಅರಿವು ಅಗತ್ಯಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಮೂತ್ರಕೋಶದ ಒಳಪದರ ಉರಿಯೂತದಿಂದ ಕೆರಳಿ, ಕೋಶದಲ್ಲಿ ಎರಡು ಚಮಚ ಮೂತ್ರವಿದ್ದರೂ ತುಂಬಿದಂತೆ ಅನ್ನಿಸುತ್ತದೆ. ಮರಿ ಹತ್ತು ಹೆಜ್ಜೆಗೊಮ್ಮೆ ಕುಕ್ಕರಿಸುತ್ತದೆ, ನಾಲ್ಕು ಹನಿ ಬಿಟ್ಟು ಮುಂದೆ ಹೋಗಿ ಮತ್ತೆ ಕುಕ್ಕರಿಸುತ್ತದೆ, ಕುಯ್‌ಗುಡುತ್ತದೆ, ಆ ಭಾಗವನ್ನು ಬಿಡದೆ ನೆಕ್ಕಿಕೊಳ್ಳುತ್ತದೆ. ಉಚ್ಚೆ ಮಬ್ಬಾಗಿರಬಹುದು, ಕೊನೆಯ ಹನಿಗಳಲ್ಲಿ ರಕ್ತ ಕಾಣಬಹುದು. ಹೊರಗೆ ಹೋಗುವ ಅಭ್ಯಾಸ ಚೆನ್ನಾಗಿ ಕೂಡಿಬಂದಿದ್ದ ಮರಿ ಇದ್ದಕ್ಕಿದ್ದಂತೆ ಮನೆಯೊಳಗೆ ಮಾಡತೊಡಗಿದರೆ ಮೊದಲು ನೆನಪಾಗಬೇಕಾದದ್ದು ಸೋಂಕು. ಹೆಣ್ಣುಮರಿಗಳ ಹೊರನಾಳ ಮೋಟಾಗಿ, ಅಗಲವಾಗಿ ಇರುವುದರಿಂದ ಕರುಳಿನಲ್ಲೂ ಚರ್ಮದಲ್ಲೂ ಇರುವ ಬ್ಯಾಕ್ಟೀರಿಯಾಗಳು ಸುಲಭವಾಗಿ ಮೇಲೇರುತ್ತವೆ. ಇವುಗಳಲ್ಲಿ ಅತಿ ಸಾಮಾನ್ಯವಾದದ್ದು ಮನುಷ್ಯರಲ್ಲೂ ಇದೇ ತೊಂದರೆ ಕೊಡುವ ಇ. ಕೋಲೈ.

ಪರೀಕ್ಷೆಗೆ ಉಚ್ಚೆಯನ್ನು ಹಿಡಿಯುವುದು ಕೇಳಲು ನಗು ತರಿಸಿದರೂ ಕಷ್ಟದ ಕೆಲಸವೇನಲ್ಲ. ಉದ್ದ ಹಿಡಿಯ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಅಗಲ ಸೌಟೊಂದನ್ನು ಬೆಳಗಿನ ಮೊದಲ ಉಚ್ಚೆಯ ಹೊತ್ತಿಗೆ, ಮರಿ ಕುಕ್ಕರಿಸಿ ಧಾರೆ ಆರಂಭವಾದ ಮೇಲೆ ಹಿಂದಿನಿಂದ ಮೆಲ್ಲಗೆ ಕೆಳಗೆ ಚಾಚಿದರೆ ಸಾಕು. ಮೊದಲೇ ಚಾಚಿದರೆ ಮರಿ ಬೆಚ್ಚಿ ಎದ್ದುಬಿಡುತ್ತದೆ. ಹಿಡಿದದ್ದನ್ನು ಔಷಧದಂಗಡಿಯಲ್ಲಿ ಸಿಗುವ ಶುದ್ಧ ಡಬ್ಬಿಗೆ ಸುರಿದು ಅರ್ಧ ಗಂಟೆಯೊಳಗೆ ತಲುಪಿಸಬೇಕು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಬೇಕು. ಮನುಷ್ಯರಿಗಾಗಿ ತಯಾರಾದ ಬಣ್ಣದ ಪಟ್ಟಿಯನ್ನು ಅದ್ದಿ ನೋಡಿ ಸೋಂಕಿದೆ, ಇಲ್ಲ ಎಂದು ಹೇಳುವ ರೂಢಿ ಕೆಲವೆಡೆ ಇದೆ. ಆ ಪಟ್ಟಿಯಲ್ಲಿ ಬಿಳಿ ರಕ್ತಕಣಗಳನ್ನು ತೋರಿಸುವ ಚೌಕ ನಾಯಿಗಳ ಮಟ್ಟಿಗೆ ನಂಬಲರ್ಹವಲ್ಲ. ಮೂತ್ರದ ಸಾಂದ್ರತೆಯನ್ನು ತೋರಿಸುವ ಚೌಕವೂ ಅಷ್ಟೇ. ಸಾಂದ್ರತೆಯನ್ನು ಅಳೆಯಲು ಬೆಳಕಿನ ಬಾಗುವಿಕೆಯನ್ನು ಆಧರಿಸಿದ ರಿಫ್ರಾಕ್ಟೋಮೀಟರ್ ಎಂಬ ಚಿಕ್ಕ ಉಪಕರಣವೂ, ಸೋಂಕನ್ನು ತಿಳಿಯಲು ಸೂಕ್ಷ್ಮದರ್ಶಕವೂ ಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದನ್ನು ನಿಖರವಾಗಿ ಹೇಳುವುದು ಕಲ್ಚರ್ ಪರೀಕ್ಷೆ. ಅದಕ್ಕೆ ನೆಲ, ಕೂದಲುಗಳ ಕಲಬೆರಕೆ ಇಲ್ಲದ ಮಾದರಿ ಬೇಕಾದ್ದರಿಂದ ವೈದ್ಯರು ಹೊಟ್ಟೆಯ ಹೊರಗಿನಿಂದಲೇ ಸಣ್ಣ ಸೂಜಿ ಚುಚ್ಚಿ ಮೂತ್ರಕೋಶದಿಂದ ನೇರವಾಗಿ ಎಳೆದುಕೊಳ್ಳುತ್ತಾರೆ. ನೋಡಲು ಭಯವೆನಿಸಿದರೂ ನುರಿತ ಕೈಯಲ್ಲಿ ಇದು ಒಂದು ಚುಚ್ಚುಮದ್ದಿನಷ್ಟೇ ಸರಳ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಊರಿನ ವೈದ್ಯರ ಬಳಿ ಬೇಕಾದ ಸೌಲಭ್ಯ ಇಲ್ಲದಿದ್ದಾಗ ಅವುಗಳ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಸಾಕುಪ್ರಾಣಿಗಳ ಸೋಂಕುರೋಗಗಳ ಅಂತರರಾಷ್ಟ್ರೀಯ ತಜ್ಞ ಸಂಘ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಬೇರೆ ದೋಷವಿಲ್ಲದ ಸರಳ ಮೂತ್ರಕೋಶದ ಸೋಂಕಿಗೆ 3ರಿಂದ 5 ದಿನಗಳ ಆ್ಯಂಟಿಬಯಾಟಿಕ್ ಸಾಕು. ಎರಡು ವಾರ, ಮೂರು ವಾರ ಕೊಡುತ್ತಿದ್ದ ಹಳೆಯ ಪದ್ಧತಿಯಿಂದ ಲಾಭಕ್ಕಿಂತ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸಿದ ನಷ್ಟವೇ ಹೆಚ್ಚು ಎಂಬುದು ಇದರ ಹಿಂದಿನ ವಿಚಾರ. ಮರಿಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಎನ್ರೋಫ್ಲಾಕ್ಸಸಿನ್ ಮತ್ತು ಅದೇ ಗುಂಪಿನ ಔಷಧಗಳು ಬೆಳೆಯುತ್ತಿರುವ ಮರಿಗಳ ಕೀಲುಗಳಲ್ಲಿರುವ ಮೃದ್ವಸ್ಥಿಗೆ ಹಾನಿ ಮಾಡುವುದರಿಂದ, ದೊಡ್ಡ ನಾಯಿಗೆ ಹಿಂದೊಮ್ಮೆ ಬರೆದುಕೊಟ್ಟಿದ್ದ ಚೀಟಿಯನ್ನು ಮರಿಗೆ ಬಳಸುವುದು ಸಲ್ಲದು. ಚಿಕಿತ್ಸೆ ಮುಗಿದ ಮೇಲೆ ಅದೇ ಸೋಂಕು ಮತ್ತೆ ಮತ್ತೆ ಮರಳಿದರೆ ಔಷಧ ಬದಲಿಸುವ ಮೊದಲು ಕಾರಣ ಹುಡುಕಬೇಕು. ಕಲ್ಲು, ನಾಳದ ದೋಷ, ಯೋನಿಯ ಸುತ್ತ ಚರ್ಮ ಮಡಿಕೆಬಿದ್ದು ಉಚ್ಚೆ ನಿಲ್ಲುವುದು ಇವುಗಳಲ್ಲಿ ಒಂದು ಇದ್ದೇ ಇರುತ್ತದೆ ಎನ್ನುವಷ್ಟು ಸಾಮಾನ್ಯ. ಚರ್ಮದ ಮಡಿಕೆ ಮೊದಲ ಬೆದೆಯ ನಂತರ ಎಷ್ಟೋ ಮರಿಗಳಲ್ಲಿ ತಾನಾಗಿಯೇ ಸರಿಹೋಗುವುದರಿಂದ, ಅಂಥ ಹೆಣ್ಣುಮರಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಆ ಬೆದೆ ಕಳೆಯುವವರೆಗೆ ಮುಂದೂಡುವುದನ್ನು ವೈದ್ಯರು ಸೂಚಿಸುತ್ತಾರೆ. ಬೆದೆಗೆ ಬಾರದ ಮರಿಗಳಲ್ಲಿ ಬಿಳಿಯ ಅಥವಾ ಹಳದಿಯ ಲೋಳೆ ಸ್ವಲ್ಪ ಸ್ವಲ್ಪವೇ ಒಸರುವ ಎಳೆಯ ವಯಸ್ಸಿನ ಯೋನಿ ಉರಿಯೂತವನ್ನೂ ಸೋಂಕೆಂದು ಭ್ರಮಿಸಿ ಔಷಧ ತಿನ್ನಿಸುವುದುಂಟು. ಮರಿ ಚುರುಕಾಗಿದ್ದರೆ ಸ್ವಚ್ಛವಾಗಿ ಒರೆಸುತ್ತಿರುವುದಷ್ಟೇ ಇದಕ್ಕೆ ಸಾಕಾಗುತ್ತದೆ.

ಮನೆಮದ್ದಿನ ಮಾತು ಬಿಟ್ಟರೆ ಈ ವಿಷಯ ನಮ್ಮಲ್ಲಿ ಪೂರ್ತಿಯಾಗದು. ಬಾರ್ಲಿ ನೀರು, ಕೊತ್ತಂಬರಿ ಬೀಜದ ಕಷಾಯ, ಎಳನೀರು ಇವು ಮನುಷ್ಯರ ಉರಿಮೂತ್ರಕ್ಕೆ ಹೇಳುವ ಉಪಚಾರಗಳು. ನೀರಿನ ಅಂಶ ಹೆಚ್ಚಿಸುವುದರಿಂದ ಇವು ಕೊಂಚ ಹಿತ ಕೊಟ್ಟರೂ ಕೊಡಬಹುದು, ಸೋಂಕನ್ನು ಮಾತ್ರ ಕಳೆಯಲಾರವು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಉಚ್ಚೆ ಕಟ್ಟಿಕೊಂಡಿರುವ ಅಥವಾ ಮೂತ್ರಪಿಂಡ ಸೋತಿರುವ ಮರಿಯ ರಕ್ತದಲ್ಲಿ ಈಗಾಗಲೇ ಪೊಟ್ಯಾಸಿಯಂ ಏರಿರುತ್ತದೆ, ಅದು ಇನ್ನೂ ಏರಿದರೆ ಹೃದಯ ನಿಲ್ಲಬಹುದು. ಇನ್ನು ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೋಫಿನಾಕ್‌ಗಳು ನಾಯಿಯ ಮೂತ್ರಪಿಂಡಗಳಿಗೆ ನೇರವಾದ ವಿಷ.

ಉಚ್ಚೆ ಕೆಂಪಾದರೆ ಎಲ್ಲರೂ ರಕ್ತವೆಂದೇ ತಿಳಿಯುತ್ತಾರೆ. ಆದರೆ ಕೆಂಪಿನಲ್ಲಿ ಎರಡು ಬಗೆ. ಒಂದು ಗಾಜಿನ ನಳಿಕೆಯಲ್ಲಿ ಆ ಉಚ್ಚೆಯನ್ನು ಹಾಕಿ ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಕಣಗಳು ತಳಕ್ಕಿಳಿದು ಮೇಲಿನ ದ್ರವ ತಿಳಿಯಾದರೆ ಅದು ಮೂತ್ರಮಾರ್ಗದಲ್ಲಿ ಒಸರಿದ ರಕ್ತ. ಎಷ್ಟು ತಿರುಗಿಸಿದರೂ ದ್ರವ ಕೆಂಪಾಗಿಯೇ, ಅಥವಾ ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿಯೇ ಉಳಿದರೆ ರಕ್ತಕಣಗಳು ದೇಹದೊಳಗೇ ಒಡೆದು, ಅವುಗಳಲ್ಲಿದ್ದ ಹಿಮೋಗ್ಲೋಬಿನ್ ಮೂತ್ರಪಿಂಡದ ಮೂಲಕ ಸೋಸಿ ಬರುತ್ತಿದೆ ಎಂದರ್ಥ. ಇಲ್ಲಿ ತೊಂದರೆ ಮೂತ್ರಕೋಶದ್ದಲ್ಲ, ರಕ್ತದ್ದು. ಕರ್ನಾಟಕದ ಮರಿಗಳಲ್ಲಿ ಇದಕ್ಕೆ ಮೊದಲು ಅನುಮಾನಿಸಬೇಕಾದದ್ದು ಉಣ್ಣೆ ಅಥವಾ ಉಣುಗು ಎಂದು ಕರೆಯುವ ಹೀರುಹುಳುವಿನಿಂದ ಹರಡುವ ಬಬೀಸಿಯಾ ಎಂಬ ಏಕಕೋಶ ಪರಾವಲಂಬಿಯನ್ನು. ಊರಿನವರೂ ವೈದ್ಯರೂ ಟಿಕ್ ಫೀವರ್ ಎಂದು ಕರೆಯುವ ಕಾಯಿಲೆಗಳಲ್ಲಿ ಇದೂ ಒಂದು. ಮರಿಯ ತುಟಿ ಎತ್ತಿ ನೋಡಿದಾಗ ಒಸಡು ಬಿಳಚಿಕೊಂಡಿದ್ದು, ಜ್ವರವಿದ್ದು, ಉಚ್ಚೆ ಕಂದುಗೆಂಪಾಗಿದ್ದರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾಗಿ ತಿಂದ ಮರಿಯಲ್ಲೂ ಕೆಂಪುಕಣಗಳು ಒಡೆದು ಉಚ್ಚೆ ಇದೇ ಬಣ್ಣಕ್ಕೆ ತಿರುಗುತ್ತದೆ.

ಮಳೆಗಾಲದಲ್ಲಿ, ವಿಶೇಷವಾಗಿ ಕರಾವಳಿ ಮತ್ತು ಮಲೆನಾಡಿನಲ್ಲಿ, ಇಲಿಜ್ವರದ ಮಾತು ಪ್ರತಿ ವರ್ಷವೂ ಬರುತ್ತದೆ. ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಈ ಬ್ಯಾಕ್ಟೀರಿಯಾ ಇಲಿಗಳ ಮೂತ್ರದಿಂದ ನಿಂತ ನೀರಿಗೆ ಸೇರಿ, ಅದನ್ನು ಕುಡಿದ ಅಥವಾ ಅದರಲ್ಲಿ ಆಡಿದ ಮರಿಯ ಮೂತ್ರಪಿಂಡ, ಯಕೃತ್ತುಗಳನ್ನು ಹಿಡಿಯುತ್ತದೆ. ಜ್ವರ, ವಾಂತಿ, ಕಾಮಾಲೆ, ಮೊದಲು ಅತಿಯಾಗಿ ಆಮೇಲೆ ತೀರ ಕಡಿಮೆಯಾಗುವ ಉಚ್ಚೆ ಇದರ ಲಕ್ಷಣಗಳು. ಇಂಥ ಮರಿಯ ಉಚ್ಚೆಯ ಮೂಲಕ ಮನೆಯವರಿಗೂ ರೋಗ ಬರಬಹುದಾದ್ದರಿಂದ ಕೈಗವಸು ಹಾಕಿಕೊಂಡೇ ಒರೆಸಬೇಕು, ಬ್ಲೀಚಿಂಗ್ ದ್ರಾವಣದಿಂದ ನೆಲ ತೊಳೆಯಬೇಕು. ಮರಿಗಳಿಗೆ ಹಾಕುವ ಸಂಯುಕ್ತ ಲಸಿಕೆಗಳಲ್ಲಿ ಹಲವು ಈ ರೋಗವನ್ನೂ ಒಳಗೊಂಡಿವೆ. ಎರಡು ತಿಂಗಳ ಸುಮಾರಿಗೆ ಒಂದು, ಎರಡರಿಂದ ನಾಲ್ಕು ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ ಹಾಕಿಸುವುದು ವಾಡಿಕೆ.

ಸಲ ಹೆಚ್ಚುವುದು ಬೇರೆ, ಪ್ರಮಾಣ ಹೆಚ್ಚುವುದು ಬೇರೆ. ಪ್ರತಿ ಸಲವೂ ಕೊಡ ಬಗ್ಗಿಸಿದಂತೆ ಉಚ್ಚೆ ಮಾಡುವ, ಬಟ್ಟಲು ಇಟ್ಟಷ್ಟೂ ನೀರು ಖಾಲಿ ಮಾಡುವ ಮರಿಯ ನೀರನ್ನು ಒಂದು ಹಗಲು ಒಂದು ರಾತ್ರಿ ಅಳೆದು ಕೊಟ್ಟು ನೋಡಬೇಕು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನವೊಂದಕ್ಕೆ 100 ಮಿಲಿ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ, ಅಂದರೆ 5 ಕಿಲೋ ಮರಿ ಅರ್ಧ ಲೀಟರನ್ನು ದಾಟಿದರೆ, ತನಿಖೆ ಅಗತ್ಯ. ತುರಿಕೆಗೆಂದು ಕೊಟ್ಟ ಸ್ಟೀರಾಯ್ಡ್ ಇದಕ್ಕೆ ಕಾರಣವಾಗಿರಬಹುದು. ಶೀತ್ಸು, ಲಾಸಾ ಆಪ್ಸೊ ಮುಂತಾದ ತಳಿಗಳಲ್ಲಿ ಮೂತ್ರಪಿಂಡವೇ ಅರೆಬರೆಯಾಗಿ ರೂಪುಗೊಂಡಿರುವ ಆನುವಂಶಿಕ ದೋಷವಿದ್ದು, ಅಂಥ ಮರಿ ಜೊತೆಯ ಮರಿಗಳಷ್ಟು ಬೆಳೆಯದೆ, ಊಟ ಬಿಟ್ಟು, ಆಗಾಗ ವಾಂತಿ ಮಾಡಿಕೊಳ್ಳುತ್ತದೆ. ರಾತ್ರಿ ಉಚ್ಚೆ ತಪ್ಪಿಸಲೆಂದು ಸಂಜೆಯಿಂದಲೇ ನೀರಿನ ಬಟ್ಟಲನ್ನು ಎತ್ತಿಡುವವರು ನೆನಪಿಡಬೇಕಾದದ್ದು ಇದನ್ನೇ: ಈ ಮರಿ ಹೆಚ್ಚು ಕುಡಿಯುವುದರಿಂದ ಹೆಚ್ಚು ಉಚ್ಚೆ ಮಾಡುತ್ತಿಲ್ಲ, ನೀರು ಹಿಡಿದಿಟ್ಟುಕೊಳ್ಳಲಾಗದೆ ಕಳೆದುಕೊಳ್ಳುತ್ತಿರುವುದರಿಂದ ಕುಡಿಯುತ್ತಿದೆ. ನೀರು ತಡೆದರೆ ಒಂದೇ ರಾತ್ರಿಯಲ್ಲಿ ಅದರ ಸ್ಥಿತಿ ಹದಗೆಡುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳಲ್ಲಿ ಮೂತ್ರಪಿಂಡ ವೈಫಲ್ಯವಾಗುವುದು ಬಹಳ ಹಿಂದೆಯೇ ತಿಳಿದಿದ್ದರೂ ಕಾರಣ ಹೊಳೆದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಆಮೇಲೆ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಇದೇ ಬಗೆಯ ಹಾನಿ ವರದಿಯಾಯಿತು, ಏಕೆಂದರೆ ಹುಣಸೆಯ ಹುಳಿಯೂ ಬಹುಪಾಲು ಅದೇ ಆಮ್ಲ. ಸಾರು ಅನ್ನ ತಿಂದು ಬೆಳೆದ ನಾಯಿಗಳು ನಮ್ಮ ಊರುಗಳಲ್ಲಿ ಲೆಕ್ಕವಿಲ್ಲದಷ್ಟಿರುವುದರಿಂದ ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಆದರೂ ಹುಣಸೆ, ಈರುಳ್ಳಿ, ಬೆಳ್ಳುಳ್ಳಿ ಮೂರೂ ಕೂಡಿದ ಸಾರನ್ನು ಎಳೆಯ ಮರಿಯ ನಿತ್ಯದ ಊಟವಾಗಿಸದೆ, ಅನ್ನದ ಜೊತೆ ಉಪ್ಪುಖಾರವಿಲ್ಲದೆ ಬೇಯಿಸಿದ ಮಾಂಸವನ್ನೋ ಮೊಟ್ಟೆಯನ್ನೋ ಕೊಡುವುದು ಜಾಣತನ. ಹುಣಸೆಯ ಉಂಡೆಯನ್ನು ಮರಿಯ ಬಾಯಿಗೆ ಎಟುಕದಂತೆ ಇಡುವುದು ಕಡ್ಡಾಯ.

ತಡ ಮಾಡಲೇಬಾರದ ಒಂದು ಸ್ಥಿತಿಯೆಂದರೆ ಉಚ್ಚೆ ಕಟ್ಟುವುದು. ಮರಿ ತಿಣುಕುತ್ತದೆ, ಹನಿಯೂ ಬರುವುದಿಲ್ಲ, ಹೊಟ್ಟೆ ಮುಟ್ಟಿದರೆ ಕಿರುಚುತ್ತದೆ. ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸುತ್ತ ಕುಳಿತರೆ ಒಂದೆರಡು ದಿನಗಳಲ್ಲಿ ಮರಿ ಸಾಯುತ್ತದೆ. ಗಂಡುನಾಯಿಯ ಶಿಶ್ನದೊಳಗೆ ಒಂದು ಮೂಳೆಯಿದ್ದು, ಹೊರನಾಳ ಅದರ ತಳದ ಇಕ್ಕಟ್ಟಾದ ಕಾಲುವೆಯಲ್ಲಿ ಹಾದುಹೋಗುವುದರಿಂದ ಮೂತ್ರಕೋಶದಿಂದ ಇಳಿದ ಸಣ್ಣ ಕಲ್ಲು ಆ ಮೂಳೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. ಮರಿಗಳಲ್ಲಿ ಕಲ್ಲು ಅಪರೂಪವಾದರೂ ಇಲ್ಲದ್ದಲ್ಲ. ಕೆಲವು ಬ್ಯಾಕ್ಟೀರಿಯಾಗಳ ಸೋಂಕು ಮೂತ್ರವನ್ನು ಕ್ಷಾರೀಯವಾಗಿಸಿ ಸ್ಟ್ರುವೈಟ್ ಎಂಬ ಕಲ್ಲನ್ನು ಬೆಳೆಸುತ್ತದೆ. ಕರುಳಿನ ರಕ್ತ ಯಕೃತ್ತನ್ನು ಹೊಕ್ಕು ಶುದ್ಧವಾಗದೆ ಅಡ್ಡದಾರಿಯಿಂದ ಹೃದಯಕ್ಕೆ ಹೋಗುವ ಹುಟ್ಟುದೋಷವಿರುವ ಮರಿಗಳಲ್ಲಿ ಯೂರೇಟ್ ಕಲ್ಲು ಕಾಣುತ್ತದೆ. ಮರಿ ಗಿಡ್ಡವಾಗಿಯೇ ಉಳಿಯುವುದು, ಉಂಡ ಮೇಲೆ ಗೋಡೆ ದಿಟ್ಟಿಸುತ್ತ ನಿಲ್ಲುವುದು ಅದರ ಸುಳಿವು.

ಡಾಲ್ಮೇಷನ್ ತಳಿಯ ಕಥೆ ಈ ಯೂರೇಟ್ ಕಲ್ಲಿಗೆ ಸಂಬಂಧಿಸಿದ್ದೇ. ಬೇರೆ ನಾಯಿಗಳ ಯಕೃತ್ತು ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಡಾಲ್ಮೇಷನ್‌ನ ಯಕೃತ್ತಿನಲ್ಲೂ ಆ ಕಿಣ್ವವಿದೆ, ಆದರೆ ಯೂರಿಕ್ ಆಮ್ಲವನ್ನು ಜೀವಕೋಶದೊಳಗೆ ಸಾಗಿಸುವ ಪ್ರೋಟೀನು ದೋಷಪೂರ್ಣವಾಗಿದ್ದು, ಉಚ್ಚೆಯಲ್ಲಿ ಅದು ಹಲವು ಪಟ್ಟು ಹೆಚ್ಚಾಗಿ ಹೊರಬೀಳುತ್ತದೆ. ಚುಕ್ಕೆಗಳಿಗಾಗಿ ಆರಿಸುತ್ತ ಬಂದ ತಳಿಗಾರರು ತಮಗರಿವಿಲ್ಲದೆ ಈ ದೋಷವನ್ನೂ ಇಡೀ ತಳಿಯಲ್ಲಿ ನೆಲೆಗೊಳಿಸಿದರು. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಒಂದು ಡಾಲ್ಮೇಷನ್‌ಗೆ ಪಾಯಿಂಟರ್ ತಳಿಯನ್ನು ಕೂಡಿಸಿ, ಹುಟ್ಟಿದವುಗಳನ್ನು ಮತ್ತೆ ಮತ್ತೆ ಡಾಲ್ಮೇಷನ್‌ಗಳೊಂದಿಗೇ ಬೆಸೆಯುತ್ತ ಹೋಗಿ, ನೋಟದಲ್ಲಿ ಡಾಲ್ಮೇಷನ್ ಆಗಿಯೇ ಇದ್ದು ದೋಷವಿಲ್ಲದ ವಂಶವನ್ನು ಕಟ್ಟಿದರು. ಶುದ್ಧ ತಳಿಯ ಅಭಿಮಾನಿಗಳು ದಶಕಗಳ ಕಾಲ ಇದನ್ನು ಒಪ್ಪಲಿಲ್ಲ. ದೋಷಪೂರ್ಣ ಜೀನ್ 2008ರಲ್ಲಿ ಪತ್ತೆಯಾದ ಮೇಲೆ, ಬ್ರಿಟನ್ನಿನ ಕೆನೆಲ್ ಕ್ಲಬ್ 2010ರಲ್ಲಿಯೂ ಅಮೆರಿಕನ್ ಕೆನೆಲ್ ಕ್ಲಬ್ 2011ರಲ್ಲಿಯೂ ಆ ವಂಶಕ್ಕೆ ಮಾನ್ಯತೆ ಕೊಟ್ಟವು. ಸರಿಯಾದ ಜೀನಿನ ಒಂದು ಪ್ರತಿ ಇದ್ದರೂ ಸಾಕು, ಯೂರಿಕ್ ಆಮ್ಲ ಸಹಜ ಮಟ್ಟದಲ್ಲಿರುತ್ತದೆ ಎಂಬುದು ಇದರಲ್ಲಿನ ಅನುಕೂಲ, ಡಿ.ಎನ್.ಎ. ಪರೀಕ್ಷೆಯಿಂದ ಇದನ್ನು ಮರಿಯಲ್ಲೇ ತಿಳಿಯಬಹುದು. ಅಂಥ ವಂಶದ್ದೆಂದು ಖಚಿತವಿಲ್ಲದ ಡಾಲ್ಮೇಷನ್ ಮರಿಯನ್ನು, ಅದರಲ್ಲೂ ಗಂಡುಮರಿಯನ್ನು ಸಾಕುವವರು ಬಟ್ಟಲಿನಲ್ಲಿ ಸದಾ ನೀರಿರುವಂತೆ, ಆಹಾರದಲ್ಲಿಯೂ ನೀರಿನಂಶ ಹೆಚ್ಚಿರುವಂತೆ ನೋಡಿಕೊಂಡು, ಉಚ್ಚೆ ತಡೆದುಕೊಳ್ಳುವ ಪ್ರಸಂಗ ಬಾರದಂತೆ ಆಗಾಗ ಹೊರಗೆ ಬಿಡಬೇಕಾಗುತ್ತದೆ. ಯೂರಿಕ್ ಆಮ್ಲವನ್ನು ಹುಟ್ಟಿಸುವ ಪ್ಯೂರಿನ್ ಅಂಶ ಪ್ರಾಣಿಗಳ ಯಕೃತ್ತು, ಮೂತ್ರಪಿಂಡಗಳಲ್ಲಿ ಅತಿ ಹೆಚ್ಚಾಗಿರುವುದರಿಂದ, ಕೋಳಿ ಅಂಗಡಿಯಿಂದ ನಾಯಿಗೆಂದು ತರುವ ಲಿವರ್ ತುಂಡುಗಳನ್ನು ಈ ಒಂದು ತಳಿಯ ಮಟ್ಟಿಗೆ ಪೂರ್ತಿಯಾಗಿ ಬಿಟ್ಟುಬಿಡಬೇಕಾಗುತ್ತದೆ.